ಕುರಿಗಾಹಿಯ ಕೊಕ್ಕೆ, ಮೊಮ್ಮಗಳ ಕೈಗವಸು

ಕೆನಡಾದಲ್ಲಿರುವ ಮೊಮ್ಮಗಳಿಗೆಂದು ನಮ್ಮ ಮನೆಯವರು ಕ್ರೋಶಾ ಕಡ್ಡಿಯಿಂದ ಉಣ್ಣೆಯ ಕೈಗವಸುಗಳನ್ನು ಹೆಣೆದು ಕಳುಹಿಸಿದ್ದರು. ಮೊದಲ ಜೊತೆ ಮಣಿಕಟ್ಟಿನಲ್ಲಿ ಜಾರಿತಂತೆ. ಎರಡನೆಯದರೊಳಗೆ ಕೈಯೇ ಹೋಗಲಿಲ್ಲವಂತೆ. "ಅಲ್ರೀ, ನಲವತ್ತು ಬ್ಯಾಚಿಗೆ ಇತಿಹಾಸ ಪಾಠ ಮಾಡಿದವರು ನೀವು, ಹಿಂದಿನವರು ಇದನ್ನು ಹೇಗೆ ಹೆಣೀತಿದ್ರು ಹೇಳಿ ನೋಡೋಣ" ಎಂದರು. ಆ ಪ್ರಶ್ನೆಯ ಬೆನ್ನುಹತ್ತಿ ತಿಳಿದದ್ದನ್ನು ಓದುಗ ಮಿತ್ರರೊಡನೆ ಹಂಚಿಕೊಳ್ಳುತ್ತಿದ್ದೇನೆ.

ಎರಡು ಕಡ್ಡಿಗಳಿಂದ ಹೆಣೆದ ಸ್ವೆಟರು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಕ್ರೋಶಾದ ಸಾಮಾನ್ಯ ಹೆಣಿಗೆಯಲ್ಲಿ ಪ್ರತಿಯೊಂದು ಕುಣಿಕೆಯೂ ಗಂಟಿನಂತೆ ಬಂಧಿತವಾಗುವುದರಿಂದ ಆ ಗುಣ ಕಡಿಮೆ. ಆದುದರಿಂದಲೇ ಕ್ರೋಶಾ ಲೇಸಿಗೆ ಒಪ್ಪುತ್ತದೆಯೇ ಹೊರತು ಕೈಗವಸಿಗಲ್ಲ ಎಂಬ ಮಾತು ಬಳಕೆಯಲ್ಲಿದೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ತಿಳಿದಿರುವಂತೆ ಕ್ರೋಶಾದ ಅತ್ಯಂತ ಹಳೆಯ ಮುದ್ರಿತ ಮಾದರಿಗಳು 1823ರ ‘ಪೆನೆಲೋಪೆ’ ಎಂಬ ಡಚ್ ಪತ್ರಿಕೆಯವು. ಅವು ಹಣದ ಚೀಲದ ಮಾದರಿಗಳು. ಆದರೆ ಸ್ಕಾಟ್ಲೆಂಡಿನ ಎಲಿಜಬೆತ್ ಗ್ರಾಂಟ್ ತಮ್ಮ ನೆನಪಿನ ಪುಸ್ತಕದಲ್ಲಿ ಅದಕ್ಕೂ ಹಿಂದಿನ, 1812ರ ಸುಮಾರಿನ ಚಿತ್ರವೊಂದನ್ನು ಕೊಟ್ಟಿದ್ದಾರೆ. ಆಕೆಯ ಬಂಧುವಾದ ವೃದ್ಧ ಕ್ಯಾಪ್ಟನ್ನೊಬ್ಬರ ಪತ್ನಿ ಆಮೆಚಿಪ್ಪಿನ ಹಳೆಯ ಬಾಚಣಿಗೆಯ ಹಲ್ಲಿನಿಂದ ಕೊಕ್ಕೆ ಮಾಡಿಕೊಂಡು, ಮನೆಯಲ್ಲೇ ನೂತ ಉಣ್ಣೆಯಿಂದ ತಮ್ಮ ಪತಿಗೆ ಟೊಪ್ಪಿಗೆಗಳನ್ನೂ ಚಳಿಗಾಲದ ಉಡುಪುಗಳನ್ನೂ ಹೆಣೆಯುತ್ತಿದ್ದರಂತೆ. ಇದಕ್ಕೆ ‘ಕುರಿಗಾಹಿಗಳ ಹೆಣಿಗೆ’ ಎಂದು ಹೆಸರು. ಇದನ್ನೇ ಇಂದಿನ ಸ್ಲಿಪ್ ಸ್ಟಿಚ್ ಎಂದು ಬಲ್ಲವರು ಗುರುತಿಸುತ್ತಾರೆ. ಸ್ವೀಡನ್ನಿನಲ್ಲಿಯೂ ಬಾಸ್ನಿಯಾದಲ್ಲಿಯೂ ಹಳ್ಳಿಗರು ಈ ಹೆಣಿಗೆಯಿಂದಲೇ ದಪ್ಪನೆಯ ಕೈಗವಸುಗಳನ್ನು ಮಾಡಿಕೊಳ್ಳುತ್ತಿದ್ದರು.

1840ರ ದಶಕದಲ್ಲಿ ಕ್ರೋಶಾ ಪುಸ್ತಕಗಳು ಬಂದವು, ಲೇಸು ಫ್ಯಾಷನ್ನಾಯಿತು. 1845ರಿಂದ 1852ರವರೆಗಿನ ಐರ್ಲೆಂಡಿನ ಮಹಾಕ್ಷಾಮದಲ್ಲಿ ಕ್ರೈಸ್ತ ಸನ್ಯಾಸಿನಿಯರು ಕಲಿಸಿದ ಕ್ರೋಶಾ ಲೇಸು ಎಷ್ಟೋ ಬಡಕುಟುಂಬಗಳಿಗೆ ಅನ್ನವಾಯಿತು. ಆ ಲೇಸು ವಸ್ತುಸಂಗ್ರಹಾಲಯಗಳನ್ನು ಸೇರಿತು. ಕುರಿಗಾಹಿಯ ಕೈಗವಸು ಸವೆದು ಮಣ್ಣು ಸೇರಿತು. ಪುಸ್ತಕಗಳಲ್ಲಿ ಸ್ಲಿಪ್ ಸ್ಟಿಚ್ ಬಹುಮಟ್ಟಿಗೆ ಅಂಚು ಜೋಡಿಸುವ ಸಣ್ಣ ಕೆಲಸಕ್ಕೆ ಮಾತ್ರ ಉಳಿಯಿತು.

ಗುಟ್ಟು ಇರುವುದು ಅಲ್ಲಿಯೇ. ಮಣಿಕಟ್ಟಿನಿಂದ ಬೆರಳ ತುದಿಯವರೆಗಿನ ಉದ್ದಕ್ಕೆ ಸರಪಳಿ ಹಾಕಿ, ಮುಂದಿನ ಪ್ರತಿಯೊಂದು ಸಾಲಿನಲ್ಲಿಯೂ ಕುಣಿಕೆಯ ಹಿಂಬದಿಯ ಎಳೆಯಲ್ಲಿ ಮಾತ್ರ ಸ್ಲಿಪ್ ಸ್ಟಿಚ್ ಹಾಕಬೇಕು. ಕಡ್ಡಿ ತುಸು ದಪ್ಪಗಿರಲಿ, ಕೈ ಸಡಿಲವಾಗಿರಲಿ. ಆಗ ಕೈಯುದ್ದಕ್ಕೂ ಏಣುಗಳೆದ್ದು, ಬಟ್ಟೆ ಕೈಸುತ್ತಲೂ ರಬ್ಬರಿನಂತೆ ಹಿಗ್ಗುತ್ತದೆ. ಕೆಲವು ಸಾಲುಗಳನ್ನು ಮಣಿಕಟ್ಟಿನವರೆಗೆ ಒಯ್ಯದೆ ಮೊದಲೇ ತಿರುಗಿಸಿದರೆ ಆ ಭಾಗ ತಾನಾಗಿ ಕಿರಿದಾಗುತ್ತದೆ. ಅಂಚುಗಳನ್ನು ಕೂಡಿಸುವಾಗ ಹೆಬ್ಬೆರಳಿಗೆ ಸೀಳು ಬಿಟ್ಟು, ಅಲ್ಲಿಂದ ಅದರ ಕವಚವನ್ನು ಹೆಣೆಯಬೇಕು.

ಮೊಮ್ಮಗಳ ಅಂಗೈಯ ಸುತ್ತಳತೆ, ಹೆಬ್ಬೆರಳು ಬಿಟ್ಟು, 15 ಸೆಂಟಿಮೀಟರ್ ಎಂದು ಸೊಸೆ ಅಳೆದು ತಿಳಿಸಿದಳು. ನಮ್ಮ ಮನೆಯವರು ಬೇಕೆಂದೇ ಹದಿಮೂರೂವರೆಗೆ ಹೆಣೆದರು. ಎಳೆದು ಬಿಗಿಮಾಡಿದ್ದು ಕೈಯನ್ನು ಹಿಂಡುತ್ತದೆ. ಹಿಗ್ಗಬಲ್ಲದ್ದು ಮಾತ್ರ ಕೈಯನ್ನು ಅಪ್ಪುತ್ತದೆ. ಹೆಸರಿಲ್ಲದ ಕುರಿಗಾಹಿಗಳಿಗೆ ಗೊತ್ತಿದ್ದ ಈ ಪಾಠವನ್ನು ನಾನು ನಿವೃತ್ತನಾದ ಮೇಲೆ ಕಲಿತೆ.

ಮೂರನೆಯ ಜೊತೆಯನ್ನು ಮಗು ಮಲಗುವಾಗಲೂ ಕಳಚುವುದಿಲ್ಲವಂತೆ.