ರಕ್ತ ಕುಡಿಯದ ರಕ್ತಪಿಶಾಚಿ

2020ರ ಏಪ್ರಿಲ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮರದ ವಿಚಾರಣೆ ನಡೀತು. ಪಕ್ಕದ ಖಾಲಿ ಸೈಟಿನ ಗಸಗಸೆ ಹಣ್ಣಿನ ಮರಕ್ಕೆ ರಾತ್ರಿ ಬಾವಲಿಗಳು ಬರ್ತಿದ್ದವು. ಕೊರೊನಾ ತಂದಿದ್ದೇ ಅವು, ಮರ ಕಡಿಸಿ ಅಂತ ಕೆಲವರ ಹಟ. ಅವು ಯಾವ ಬಾವಲಿ ಅಂತ ಒಬ್ಬರೂ ಕೇಳಲಿಲ್ಲ. ನಿಜ ಹೇಳ್ಬೇಕಂದ್ರೆ ನಾನೂ ಕೇಳಲಿಲ್ಲ. ಆಗ ಓದ್ತಾ ಇದ್ದದ್ದು ಹೆನ್ರಿ ವಾಲ್ಟರ್ ಬೇಟ್ಸ್ 1863ರಲ್ಲಿ ಪ್ರಕಟಿಸಿದ ಅಮೆಜಾನ್ ಕಥನ.

ಬೇಟ್ಸ್ 1848ರಲ್ಲಿ, 23ನೇ ವಯಸ್ಸಿಗೆ, ಗೆಳೆಯ ವ್ಯಾಲೇಸ್ ಜೊತೆ ಅಮೆಜಾನಿಗೆ ಹೋದವನು. ಅಲ್ಲಿ ಕಳೆದದ್ದು 11 ವರ್ಷ. ಆ ಕಾಡಿನ ಒಂದು ದೊಡ್ಡ ಬಾವಲಿಗೆ ಅಷ್ಟರಲ್ಲಾಗಲೇ ಕೆಟ್ಟ ಹೆಸರು ಅಂಟಿತ್ತು. ಮೂಗಿನ ತುದಿಯಲ್ಲಿ ಈಟಿಯಂತೆ ನಿಂತ ಚರ್ಮದ ಎಲೆ, ಅಗಲ ಕಿವಿ. 1758ರಲ್ಲಿ ಲಿನೇಯಸ್ ಇದಕ್ಕೆ ‘ಸ್ಪೆಕ್ಟ್ರಮ್’, ಅಂದ್ರೆ ಭೂತ, ಅಂತ ಹೆಸರಿಟ್ಟ. ಆಮೇಲೆ ಬಂದವರು ಮುಂದೆ ‘ವ್ಯಾಂಪೈರ್’ ಸೇರಿಸಿದರು. ಮುಖ ನೋಡಿ ಕೊಟ್ಟ ಶಿಕ್ಷೆ ಅಷ್ಟೇ.

ಬೇಟ್ಸ್‌ಗೆ ಒಂದು ರಾತ್ರಿ ಬಾವಲಿ ಕಚ್ಚಿತ್ತು. ಬೆಳಗ್ಗೆ ನೋಡಿದರೆ ಸೊಂಟದ ಪಕ್ಕ ಗಾಯ. ಆದ್ರೂ ಆತ ಈ ವಿಕಾರಮುಖದ ಮೇಲೆ ತಪ್ಪು ಹೊರಿಸಲಿಲ್ಲ. ಎಗಾ (ಈಗಿನ ಟೆಫೆ) ಎಂಬ ಊರಿನ ಚರ್ಚಿನಿಂದ ಸಂಜೆ ಹತ್ತಾರು ಬಾವಲಿಗಳು ಕಾಡಿನತ್ತ ಹಾರುವುದನ್ನು ಮನೆ ಬಾಗಿಲಲ್ಲೇ ಕೂತು ನೋಡುತ್ತಿದ್ದ. ಕೆಲವನ್ನು ಹಿಡಿದು ಹೊಟ್ಟೆ ಸೀಳಿದರೆ ಒಳಗಿದ್ದದ್ದು ಹಣ್ಣಿನ ತಿರುಳು, ಬೀಜ, ಒಂದಿಷ್ಟು ಹುಳಹುಪ್ಪಟೆ. ಅವು ತೋಟದ ಗೇರುಹಣ್ಣು, ಸೀಬೆಹಣ್ಣು ತಿಂತಾವೆ ಅಂತ ಊರವರ ದೂರು. ಬೇಟ್ಸ್ ಅದನ್ನೂ ಸುಮ್ಮನೆ ನಂಬಲಿಲ್ಲ. ಆ ಬೀಜಗಳನ್ನು ಊರಲ್ಲಿ ಬೆಳೆಯುವ ಮರಗಳ ಬೀಜದ ಜೊತೆ ಹೋಲಿಸಿದ. ಒಂದೂ ಹೊಂದಲಿಲ್ಲ. ಹಾಗಾದರೆ ಕಾಡಿನ ಹಣ್ಣೇ ಇರಬೇಕು, ವ್ಯಾಂಪೈರ್ ಪರಮ ಸಾಧು ಅಂತ ಬರೆದ.

ಇಲ್ಲೊಂದು ತಮಾಷೆ. ನಾವು ಇಂದು ವ್ಯಾಂಪೈರಮ್ ಸ್ಪೆಕ್ಟ್ರಮ್ ಅನ್ನೋದು ಹಣ್ಣಿನ ಗಿರಾಕಿ ಅಲ್ಲ, ಬೇಟೆಗಾರ. ಪೊಳ್ಳು ಮರದಲ್ಲಿ ಪುಟ್ಟ ಸಂಸಾರ ಹೂಡಿ ಹಕ್ಕಿ, ಇಲಿ ಹಿಡಿದು ತಿನ್ನುತ್ತದೆ. 1977ರಲ್ಲಿ ವೆರೆನ್‌ಕ್ಯಾಂಪ್ ಮತ್ತು ಜೊತೆಗಾರರು ಕೋಸ್ಟರಿಕಾದ ಗ್ವಾನಕಾಸ್ಟೆಯಲ್ಲಿ ಇವುಗಳ ಗೂಡಿನಡಿ ಸಿಕ್ಕ ಪುಕ್ಕಗಳಿಂದಲೇ ಯಾವ್ಯಾವ ಹಕ್ಕಿ ಬಲಿಯಾಗಿದ್ದವು ಅಂತ ಗುರುತಿಸಿದರು. ಹಾಗಿದ್ದ ಮೇಲೆ ಚರ್ಚಿನಲ್ಲಿ ಹಿಂಡುಹಿಂಡಾಗಿದ್ದ ಹಣ್ಣುಬಾಕರೆಲ್ಲ ಇದೇ ಜಾತಿಯವಾಗಿರಲಿಕ್ಕಿಲ್ಲ. ಬೇಟ್ಸ್ ಗುರುತು ಹಿಡಿಯೋದ್ರಲ್ಲಿ ಎಡವಿದ್ದ ಅಂತ ನನ್ನ ಊಹೆ. ಆದ್ರೂ ರಕ್ತದ ವಿಷಯದಲ್ಲಿ ಅವನ ಮಾತು ನಿಂತಿತು.

ನಿಜವಾಗಿ ರಕ್ತ ಕುಡಿಯೋ ಡೆಸ್ಮೋಡಸ್ ಅಂಗೈಯಗಲದ ಪುಟ್ಟ ಪ್ರಾಣಿ, ಅದೇ ಎಲೆಮೂಗಿನ ಕುಟುಂಬದ್ದೇ. ಚಿಲಿಯಲ್ಲಿ ಡಾರ್ವಿನ್ ತಂಡದ ಕುದುರೆಯ ಮೇಲೇ ಒಂದು ಸಿಕ್ಕಿಬಿದ್ದಿತ್ತು. 1930ರ ದಶಕದಲ್ಲಿ ಟ್ರಿನಿಡಾಡ್‌ನ ವೈದ್ಯ ಜೋಸೆಫ್ ಪಾವನ್ ಅದು ರೇಬಿಸ್ ಹರಡುತ್ತದೆ ಅಂತ ತೋರಿಸಿಕೊಟ್ಟರು. ಜನ, ದನ ಸಾಯ್ತಿದ್ದದ್ದು ಸುಳ್ಳಲ್ಲ. ಆದರೆ ಲ್ಯಾಟಿನ್ ಅಮೆರಿಕದಲ್ಲಿ ಗುಹೆಗಳಿಗೆ ಡೈನಮೈಟ್, ವಿಷದ ಹೊಗೆ ಇಟ್ಟವರು ಒಳಗಿದ್ದವು ಯಾವ ಜಾತಿ ಅಂತ ನೋಡಲಿಲ್ಲ. ಹಣ್ಣು ತಿನ್ನೋವು, ಸೊಳ್ಳೆ ಹಿಡಿಯೋವು ಎಲ್ಲ ಹೋದವು.

ಪುಸ್ತಕ ಮುಚ್ಚಿಟ್ಟು ಒಂದು ಬೆಳಗ್ಗೆ ಮಾಸ್ಕ್ ಹಾಕಿಕೊಂಡು ಆ ಮರದ ಹತ್ತಿರ ಹೋದೆ. ಕಾಂಪೌಂಡಿನ ಮೇಲೆಲ್ಲ ಅಗಿದು ಉಗುಳಿದ ಹಣ್ಣಿನ ಸಿಪ್ಪೆ, ಗಸಗಸೆಯಷ್ಟೇ ಸಣ್ಣ ಬೀಜ. ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಈ ಮರದ ತವರು ಬೇಟ್ಸ್ ಅಲೆದಾಡಿದ ಖಂಡದ ಕಡೆಯೇ ಅಂತ ಗೊತ್ತಾಗಿದ್ದು ಆಮೇಲೆ. ಫೋಟೋಗೆ ಎರಡು ಥಂಬ್ಸ್ ಅಪ್ ಬಂತು. ಮರದ ಅರ್ಧ ಕೊಂಬೆ ಮುಂದಿನ ವಾರ ಕಡಿಸಿದರು.