ದೊಡ್ಡ ಸ್ವಾಮಿಯವರ ಲೆಕ್ಕ

ಮೈಸೂರಿನ ಅಗ್ರಹಾರದ ಬೀದಿಗಳಲ್ಲಿ ನಡೆಯುವಾಗ ನನಗೆ ಫ್ರೆಂಚ್ ಯಾಜಕರಾದ ಅಬ್ಬೆ ದುಬೊಯ್ ನೆನಪಾಗುತ್ತಾರೆ. ಇಂಥ ಅಗ್ರಹಾರಗಳ ಆಚಾರವಿಚಾರಗಳನ್ನು ಗ್ರಂಥವಾಗಿ ಬರೆದವರು ಅವರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ನಮ್ಮವರಂತೆ ಉಟ್ಟರು, ಮಾಂಸ ಬಿಟ್ಟರು. ಜನ 'ದೊಡ್ಡ ಸ್ವಾಮಿಯವರು' ಎಂದು ಕರೆದರು.

ಅದು ಸಿಡುಬು ಊರೂರನ್ನೇ ನುಂಗುತ್ತಿದ್ದ ಕಾಲ. ಹಸುವಿನಿಂದ ಬಂದ ಹೊಸ ಲಸಿಕೆಯೆಂದರೆ ಜನರಿಗೆ ಅಂಜಿಕೆ. ಸ್ವಾಮಿಗಳು ತಾವೇ ಮುಂದೆ ನಿಂತು ಒಪ್ಪಿಸಿದರು. 1803–04ರಲ್ಲಿ 25,432 ಮಂದಿಗೆ ಲಸಿಕೆ ಹಾಕಿಸಿದರೆಂಬ ದಾಖಲೆಯಿದೆ. ಹಾಸನದ ಬಳಿಯ ಸಾತಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆಯನ್ನೂ ಕಟ್ಟಿದರು.

ಇಷ್ಟಾದರೂ, ಧರ್ಮಬೋಧನೆಯಲ್ಲಿ ತಾವು ಸೋತೆವೆಂದೇ ಅವರು ಬರೆದರು, 1823ರಲ್ಲಿ ಸ್ವದೇಶಕ್ಕೆ ಮರಳಿದರು. ಆ ಮಾತನ್ನು ನಾನು ಒಪ್ಪಲಾರೆ. ಸಿಡುಬಿನಿಂದ ಉಳಿದವರು ಅವರ ಲೆಕ್ಕದಲ್ಲಿ ಸೇರಿರಲಿಲ್ಲವಲ್ಲ!