ಮಳೆಯನ್ನು ಅಳೆದವರ ಕಥೆ



ಮಳೆ ಬಂದ ಮರುದಿನ ಬೆಳಿಗ್ಗೆ ನೀವು ಮಾಡುವ ಮೊದಲ ಕೆಲಸ ಯಾವುದು? ಹೊಲಕ್ಕೆ ಹೋಗಿ ಗುದ್ದಲಿಯಿಂದ ಮಣ್ಣು ಕೆದಕಿ, ಹಸಿ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡುವುದು ತಾನೆ? "ಗೇಣು ನೆಂದಿದೆ, ಹದವಾಯಿತು" ಅನ್ನುತ್ತೀರಿ. ಇದೂ ಒಂದು ಅಳತೆಯೇ. ಸುಮಾರು ಆರುನೂರು ವರ್ಷದ ಹಿಂದೆ ಕೊರಿಯಾ ದೇಶದ ಯುವರಾಜನೂ ಇದನ್ನೇ ಮಾಡಿದ.

ಆಗ ಅಲ್ಲಿ ಸೇಜೋಂಗ್ ಎಂಬ ದೊರೆ ಆಳುತ್ತಿದ್ದ. ಬರದ ಚಿಂತೆ ಹತ್ತಿದ ಅವನ ಮಗ, ಮಳೆ ಬಿದ್ದಾಗಲೆಲ್ಲ ನೆಲ ಅಗೆಸಿ ಹಸಿಯ ಆಳ ನೋಡಿದ. ಲೆಕ್ಕ ಕೂಡಿಬರಲಿಲ್ಲ. ಯಾಕೆಂದು ನಿಮಗೆ ಹೇಳಬೇಕಾಗಿಲ್ಲ. ಒಣಗಿ ಬಿರಿದ ಎರೆಮಣ್ಣು ಕುಡಿಯುವುದೇ ಬೇರೆ, ಮೊದಲೇ ತೇವವಿದ್ದ ಮರಳುಮಣ್ಣು ಕುಡಿಯುವುದೇ ಬೇರೆ. ಅದಕ್ಕೆ 1441ರಲ್ಲಿ ಅರಮನೆಯಲ್ಲಿ ತಾಮ್ರದ ಪಾತ್ರೆಯಿಟ್ಟು, ಅದರಲ್ಲಿ ನಿಂತ ನೀರಿನ ಆಳವನ್ನು ಅಳೆದರು. ಮರುವರ್ಷ ಒಂದೇ ಅಳತೆಯ, ನೇರ ಗೋಡೆಯ ಪಾತ್ರೆಯನ್ನು ಗೊತ್ತುಮಾಡಿ ಸೀಮೆ ಸೀಮೆಯ ಕಚೇರಿಗಳಲ್ಲಿ ಇಡಿಸಿದರು. ಅದರ ಹೆಸರು ಚುಗುಗಿ. ಪಾತ್ರೆ ಒಂದೇ ಆದ್ದರಿಂದ ಈ ಊರಿನ ಮಳೆಯನ್ನು ಆ ಊರಿನ ಮಳೆಯೊಡನೆ ಹೋಲಿಸಿ ನೋಡುವುದು ಸಾಧ್ಯವಾಯಿತು.

ಇದಕ್ಕಿಂತ ಹಳೆಯ ಮಾತು ನಮ್ಮ ದೇಶದಲ್ಲೇ ಉಂಟು. ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದು ಅಚ್ಚಾಯಿತು. ಉಗ್ರಾಣದ ಮುಂದೆ ಒಂದು ಮೊಳ ಅಗಲದ ಬಾಯಿಯ ಕುಂಡವನ್ನಿಟ್ಟು ಮಳೆ ಅಳೆಯಬೇಕೆಂದು ಅದರಲ್ಲಿದೆ. ಅಳತೆ ದ್ರೋಣದ ಲೆಕ್ಕದಲ್ಲಿ. ನಮ್ಮ ಕೊಳಗದ ಹಾಗೆ ಅದೂ ಒಂದು ಮಾನ. ಒಣಸೀಮೆಗೆ 16 ದ್ರೋಣ, ನೀರಿನ ಸೀಮೆಗೆ ಅದರ ಒಂದೂವರೆಯಷ್ಟು. ಮಳೆ ಎಷ್ಟು ಬಿತ್ತೆಂದು ನೋಡಿಕೊಂಡು, ಹೆಚ್ಚು ನೀರು ಬೇಡುವ ಬೀಜವೋ ಕಡಿಮೆ ನೀರಿನ ಬೀಜವೋ ಬಿತ್ತಬೇಕು ಎಂದೂ ಹೇಳಿದೆ. ಕುಂಡವನ್ನು ಹೊಲದಲ್ಲಿಡದೆ ಉಗ್ರಾಣದ ಮುಂದೆ ಇಡಿಸಿದ್ದನ್ನು ನೋಡಿದರೆ, ರೈತನ ಮೇಲಿನ ಮರುಕಕ್ಕಿಂತ ಕಣಜದ ಲೆಕ್ಕವೇ ಮುಂದಿತ್ತೇನೋ ಎಂದು ನನಗೆ ಅನ್ನಿಸುತ್ತದೆ.

ಬ್ರಿಟಿಷರ ಕಾಲದಲ್ಲಿ, 1864ರಲ್ಲಿ ಕಲ್ಕತ್ತೆಗೆ ಭಾರಿ ಚಂಡಮಾರುತ ಬಡಿಯಿತು. 1866ರಲ್ಲೂ 1871ರಲ್ಲೂ ಮುಂಗಾರು ಕೈಕೊಟ್ಟಿತು. ಆಮೇಲೆ 1875ರಲ್ಲಿ ಭಾರತದ ಹವಾಮಾನ ಇಲಾಖೆ ಹುಟ್ಟಿತು. ಮರುವರ್ಷವೇ ಮೈಸೂರು ಸೀಮೆಯಲ್ಲಿ ಮಳೆ ಹೋಗಿ, ಹಿರಿಯರು ಧಾತು ಈಶ್ವರದ ಬರ ಎಂದು ನೆನೆಯುತ್ತಿದ್ದ ಘೋರ ಕ್ಷಾಮ ಬಂತು. ಅಳೆದ ಮಾತ್ರಕ್ಕೆ ಮಳೆ ಬರುವುದಿಲ್ಲವಷ್ಟೆ.

ಕಚೇರಿಗಳಲ್ಲಿ ನೀವು ಕಂಡಿರುವ ಸೈಮನ್ಸ್ ಮಳೆಮಾಪಕದ ಬಾಯಿ 127 ಮಿಲಿಮೀಟರ್ ಅಗಲ. ಅದರ ಅಂಚು ನೆಲದಿಂದ 30 ಸೆಂಟಿಮೀಟರ್ ಮೇಲಿರುತ್ತದೆ. ಬೆಳಿಗ್ಗೆ ಎಂಟೂವರೆಗೆ ಅಳತೆ ತೆಗೆಯುತ್ತಾರೆ. ಹತ್ತು ಮಿಲಿಮೀಟರ್ ಅಂದರೆ ಏನು ಮಹಾ ಎನ್ನಬೇಡಿ. ಒಂದು ಎಕರೆಗೆ ಅದು ಸುಮಾರು 40,000 ಲೀಟರ್ ನೀರು. ಹದಿನೈದು ಲೀಟರಿನ ಕೊಡದಲ್ಲಿ ಹೊತ್ತು ಹಾಕಬೇಕಾದರೆ 2,700 ಕೊಡ ಆದೀತು!

ಈಗ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ತಾನೇ ಅಳೆದು ಸುದ್ದಿ ಕಳಿಸುವ ಮಾಪಕಗಳಿವೆ. ಅಡಿಕೆ, ಮೆಣಸು ಮೊದಲಾದ ಬೆಳೆಗಳ ಹವಾಮಾನ ವಿಮೆಗೆ ಇಂಥ ಮಾಪಕದ ಅಂಕಿಯೇ ಆಧಾರ. ನಿಮ್ಮ ತೋಟದಲ್ಲಿ ಬಿದ್ದ ಮಳೆಯನ್ನು ಯಾರೂ ಬಂದು ನೋಡುವುದಿಲ್ಲ. ಆದ್ದರಿಂದ ಒಮ್ಮೆ ಹೋಗಿ ನೋಡಿ ಬನ್ನಿ. ಪಕ್ಕದ ಮರ ಅಥವಾ ಗೋಡೆ ಎಷ್ಟು ಎತ್ತರವೋ, ಕಡೇಪಕ್ಷ ಅದರ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕು. ಕೊಂಬೆ ಮೇಲೆ ಚಾಚಿದ್ದರೆ, ಬಾಯಲ್ಲಿ ತರಗೆಲೆ ಕಟ್ಟಿಕೊಂಡಿದ್ದರೆ, ಅಂಕಿ ತಪ್ಪುತ್ತದೆ. ಹಾಗಿದ್ದಲ್ಲಿ ನೀವೇ ಕೈಹಾಕಬೇಡಿ. ನಾಲ್ಕು ಜನ ಸೇರಿ ಪಂಚಾಯಿತಿಗೆ ಬರೆದುಕೊಡಿ. ತಾರೀಖು ಹಾಕಿ ಒಂದು ನಕಲು ಇಟ್ಟುಕೊಳ್ಳಿ.